ಇನಾಮು ಬೇಡವೆಂದವರ ಪರವಾಗಿ

ಇನಾಮು ಎಂಬ ಪದವನ್ನು ನಮ್ಮ ಸೀಮೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೊರೆಯಾದವನು ಸಂತೋಷಪಟ್ಟು ಕೊಡುತ್ತಿದ್ದುದು ಇನಾಮು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಎಂಬುದೆಲ್ಲ ಕೊಡುವವನ ಚಿತ್ತಕ್ಕೆ ಬಿಟ್ಟದ್ದು. ಪಡೆಯುವವನು ಎರಡು ಕೈಯೊಡ್ಡಿ ಕಣ್ಣಿಗೊತ್ತಿಕೊಳ್ಳಬೇಕೇ ಹೊರತು ಅಳತೆ ಕೇಳುವಂತಿರಲಿಲ್ಲ. ಮೈಸೂರು ರಾಜ್ಯದಲ್ಲಿ 1954ರ ಶಾಸನದ ಮೂಲಕ ಭೂಮಿಯ ಇನಾಮುಗಳು ರದ್ದಾದವು. ಆದರೆ ಆಟಗಾರರ ವಿಷಯದಲ್ಲಿ ಇನಾಮು ಇನ್ನೂ ರದ್ದಾಗಿಲ್ಲವೆಂಬುದು 2025ರ ಜನವರಿಯಲ್ಲಿ ನಾಡಿಗೆಲ್ಲ ಗೊತ್ತಾಯಿತು. ಗೊತ್ತುಮಾಡಿಕೊಟ್ಟವರಲ್ಲಿ ಒಬ್ಬಳು ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹೆಣ್ಣುಮಗಳು.

ನಡೆದದ್ದು ಇಷ್ಟು. 2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಖೋ ಖೋ ಆಟದ ಮೊಟ್ಟಮೊದಲನೆಯ ವಿಶ್ವಕಪ್ ಜರುಗಿತು. 23 ದೇಶಗಳಿಂದ ತಂಡಗಳು ಬಂದಿದ್ದವು. ಹೆಂಗಸರ ವಿಭಾಗದಲ್ಲೇ 19 ತಂಡಗಳು. 19ನೇ ತಾರೀಖು ಭಾನುವಾರದ ಕಡೆಯ ಪಂದ್ಯದಲ್ಲಿ ಭಾರತದ ಹೆಂಗಸರು ನೇಪಾಳದವರನ್ನು 78-40ರಿಂದ ಸೋಲಿಸಿ ಕಪ್ಪು ಗೆದ್ದರು. ಗಂಡಸರ ತಂಡವೂ ಅದೇ ದಿನ ನೇಪಾಳದ ಮೇಲೆಯೇ 54-36ರಿಂದ ಗೆದ್ದಿತು. ಹೆಂಗಸರ ತಂಡದ ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗ್ಳೆ. ಕರ್ನಾಟಕದಿಂದ ಗಂಡಸರ ತಂಡದಲ್ಲಿ ಎಂ.ಕೆ. ಗೌತಮ್, ಹೆಂಗಸರ ತಂಡದಲ್ಲಿ ಬಿ. ಚೈತ್ರಾ. ಕಡೆಯ ಪಂದ್ಯದ ಅತ್ಯುತ್ತಮ ಆಟಗಾರ್ತಿ ಎಂಬ ಪ್ರಶಸ್ತಿ ಸಂದದ್ದು ಇದೇ ಚೈತ್ರಾ ಅವರಿಗೆ.

ಬಿಳಿಗೆರೆಯವರಾದ ನಮಗೆ ಕುರುಬೂರು ಪರಸ್ಥಳವಲ್ಲ. ಹೆಣ್ಣು ಕೊಟ್ಟು ತಂದು ಮಾಡುವ ಸೀಮೆಯೊಳಗಿನ ಊರು. ಕಬ್ಬು ಬೆಳೆಗಾರರ ಮುಖಂಡ ಕುರುಬೂರು ಶಾಂತಕುಮಾರ್ ಅವರ ದೆಸೆಯಿಂದ ಆ ಊರಿನ ಹೆಸರು ವಿಧಾನಸೌಧದ ಮುಂದೆ ಎಷ್ಟೋ ಸಲ ಕೇಳಿಸಿತ್ತು. ಕಬ್ಬಿನ ಬಾಕಿಗಾಗಿ ಕೇಳಿಸುತ್ತಿದ್ದ ಹೆಸರು ಒಂದು ಭಾನುವಾರ ರಾತ್ರಿ ಆಟಕ್ಕಾಗಿ ಕೇಳಿಸಿತು. ರೈತ ಕುಟುಂಬದ ಮಗಳು, ಊರಿನ ಶಾಲೆಯಲ್ಲೇ ಆಟ ಕಲಿತವಳು, ಪ್ರಪಂಚದ ಪಂದ್ಯದಲ್ಲಿ ಹಿರಿಯಳೆನಿಸಿಕೊಂಡಳು ಎಂದರೆ ನಮ್ಮ ಎರಡು ತಾಲ್ಲೂಕಿನ ಜನ ಹಿಗ್ಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಆಟದ ಒಂದು ತುಣುಕನ್ನು ವಾಚಕರಿಗೆ ವಿವರಿಸಬೇಕು. ಶಾಲೆಯ ಬಯಲಿನಲ್ಲಿ ಕೊಕ್ಕೋ ಆಡಿದವರಿಗೆ ಇದರ ಬೆಲೆ ಥಟ್ಟನೆ ತಿಳಿಯುತ್ತದೆ. ಈ ವಿಶ್ವಕಪ್ಪಿನಲ್ಲಿ ಏಳೇಳು ನಿಮಿಷದ ನಾಲ್ಕು ಸರದಿ. ಒಂದು ಸರದಿಯಲ್ಲಿ ನಾವು ಅಟ್ಟಿಸಿಕೊಂಡು ಹೋಗಬೇಕು, ಮುಂದಿನದರಲ್ಲಿ ತಪ್ಪಿಸಿಕೊಂಡು ಓಡಬೇಕು. ಓಡುವವರು ಮೂರು ಮೂರು ಜನರ ಗುಂಪಾಗಿ ಒಳಗೆ ಬರುತ್ತಾರೆ. ಮುಟ್ಟಿಸಿಕೊಂಡರೆ ಎದುರಾಳಿಗೆ ಎರಡು ಅಂಕ. ಒಂದು ಗುಂಪು ಮೂರು ನಿಮಿಷ ಪೂರ್ತಿ ಕೈಗೆ ಸಿಗದೆ ಉಳಿದುಕೊಂಡರೆ ಓಡುವ ತಂಡಕ್ಕೇ ಒಂದು ಅಂಕ. ಅಲ್ಲಿಂದ ಮುಂದೆ ಪ್ರತಿ ಮೂವತ್ತು ಸೆಕೆಂಡಿಗೆ ಮತ್ತೊಂದು. ಇದಕ್ಕೆ ಡ್ರೀಮ್ ರನ್ ಎಂದು ಹೆಸರಿಟ್ಟಿದ್ದಾರೆ. ಮೂರು ನಿಮಿಷ ಉಳಿದುಕೊಳ್ಳುವುದು ಕನಸಿನ ಮಾತು ಎಂಬ ಅರ್ಥದಲ್ಲಿ ಇಟ್ಟಿರಬೇಕು. ಮೂರನೆಯ ಸರದಿ ಮುಗಿದಾಗ ಭಾರತ 73, ನೇಪಾಳ 24. ನಾಲ್ಕನೆಯ ಸರದಿಯಲ್ಲಿ ಚೈತ್ರಾ ಮುಂದಾಳಾಗಿದ್ದ ಗುಂಪು ಉಳಿದದ್ದು ಮೂರು ನಿಮಿಷವಲ್ಲ, 5 ನಿಮಿಷ 14 ಸೆಕೆಂಡು. ಲೆಕ್ಕ ಹಾಕಿ ನೋಡಿ: ಮೂರು ನಿಮಿಷಕ್ಕೊಂದು, ಆಮೇಲಿನ ಎರಡು ನಿಮಿಷಕ್ಕೆ ನಾಲ್ಕು, ಒಟ್ಟು ಐದು ಅಂಕ, 73 ಹೋಗಿ 78 ಆದದ್ದು ಹೀಗೆ. ಗೆಲುವು ಆಗಲೇ ಕೈಗೆ ಬಂದಿದ್ದಿತು ಎನ್ನುವುದು ನಿಜ. ಆದರೂ ಅಟ್ಟುವವರು ಏಳು ಜನ ಒಬ್ಬರ ಬೆನ್ನಿಗೊಬ್ಬರು ಎದ್ದು ಬರುತ್ತಿರುವಾಗ ಐದು ನಿಮಿಷ ಕಂಬದಿಂದ ಕಂಬಕ್ಕೆ ತಿರುಗುತ್ತ ಮೈ ಜಾರಿಸುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ.

ಇನ್ನು ಇನಾಮಿನ ಕಥೆ. ಗೆದ್ದು ಬಂದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕರ್ನಾಟಕದ ಈ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಬಹುಮಾನ ಪ್ರಕಟಿಸಿದರು. ಅದೇ ವೇಳೆಗೆ ಮಹಾರಾಷ್ಟ್ರದಲ್ಲಿ ಅಲ್ಲಿಯ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಮೇಲುದರ್ಜೆಯ ಸರಕಾರಿ ಹುದ್ದೆ ಎಂಬ ಸುದ್ದಿ. ಗೌತಮ್ ಮತ್ತು ಚೈತ್ರಾ ಇಬ್ಬರೂ ಬೆಂಗಳೂರಿನಲ್ಲಿ ಪತ್ರಕರ್ತರ ಮುಂದೆ ಕುಳಿತು, ಮುಖ್ಯಮಂತ್ರಿಗಳ ಬಗ್ಗೆ ತಮಗೆ ಗೌರವವಿದೆ, ಆದರೆ ಈ ಐದು ಲಕ್ಷವನ್ನು ತಾವು ಸ್ವೀಕರಿಸುವುದಿಲ್ಲ ಎಂದು ಹೇಳಿಬಿಟ್ಟರು.

ಒಂದೇ ತಂಡ, ಒಂದೇ ಕಪ್ಪು. ಒಂದೇ ಕಣದಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕುಳಿತವರಲ್ಲಿ ಒಬ್ಬಳಿಗೆ 225 ಲಕ್ಷ, ಮತ್ತೊಬ್ಬಳಿಗೆ 5 ಲಕ್ಷ. ನಡುವೆ ಇರುವುದು ಬೆಳಗಾವಿಯಾಚೆಯ ಒಂದು ಗಡಿ ಮಾತ್ರ.

ಮರುದಿನದಿಂದ ಹಳ್ಳಿಯ ಜಗಲಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಎದ್ದ ಮಾತುಗಳನ್ನು ನಾವು ಕೇಳಿದ್ದೇವೆ. ಎಲ್ಲವೂ ಹೊಗಳಿಕೆಯ ಮಾತಾಗಿರಲಿಲ್ಲ. ‘ಐದು ಲಕ್ಷ ಅಂದ್ರೆ ಕಮ್ಮಿಯೇನಪ್ಪ? ನಾವು ಜನ್ಮದಲ್ಲಿ ಒಟ್ಟಿಗೆ ಕಂಡಿದ್ದೀವಾ?’ ಎಂದವರುಂಟು. ‘ಕೊಟ್ಟದ್ದನ್ನ ಬೇಡ ಅನ್ನಬಾರದು ಕಣಯ್ಯ, ಲಕ್ಷ್ಮಿ ಮುನಿಸಿಕೊಳ್ತಾಳೆ’ ಎಂದ ಅಜ್ಜಿಯರುಂಟು. ಓದಿದವರೆನಿಸಿಕೊಂಡವರು ಮತ್ತೊಂದು ರಾಗ ತೆಗೆದರು: ದೇಶಕ್ಕಾಗಿ ಆಡಿದವರು ದುಡ್ಡಿನ ಚೌಕಾಸಿ ಮಾಡಬಹುದೆ? ಆಟದ ಘನತೆ ಎಲ್ಲಿ ಉಳಿಯಿತು?

ಹಿರಿಯರ ಮಾತನ್ನು ಮೊದಲು ತೆಗೆದುಕೊಳ್ಳೋಣ. ಅದು ಬಡತನದಿಂದ ಬಂದ ಮಾತು, ತಿರಸ್ಕರಿಸುವಂಥದಲ್ಲ. ಐದು ಲಕ್ಷ ದೊಡ್ಡ ಮೊತ್ತವೇ. ಆದರೆ ಅದು ಎಷ್ಟು ದಿನದ ದುಡಿಮೆಗೆ ಎಂದು ಕೇಳಬೇಕು. ಆಟಗಾರ್ತಿಯೊಬ್ಬಳು ಹತ್ತು ವರ್ಷ ಹೊತ್ತಿಗೆ ಮುಂಚೆ ಎದ್ದು ಮೈ ದಂಡಿಸಿದಳು ಎಂದಿಟ್ಟುಕೊಳ್ಳಿ. ಐದು ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 50 ಸಾವಿರ. ದಿನಕ್ಕೆ 137 ರೂಪಾಯಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇದ್ದಿತು. ಅಂದರೆ ಕೆರೆ ಹೂಳೆತ್ತುವ ಹೆಂಗಸಿಗೆ ಸರಕಾರವೇ ಕಟ್ಟಿದ ಬೆಲೆಯ ಅರ್ಧಕ್ಕಿಂತ ಕಡಿಮೆಯ ಬೆಲೆಯನ್ನು ವಿಶ್ವಕಪ್ ಗೆದ್ದ ಹೆಂಗಸಿಗೆ ಕಟ್ಟಲಾಯಿತು. ಅದೂ ಹೇಗೆ? ಗೆದ್ದರೆ ಮಾತ್ರ. ಸೋತು ಬಂದಿದ್ದರೆ ಹತ್ತು ವರ್ಷದ ಬೆವರಿಗೆ ಹತ್ತು ರೂಪಾಯಿಯೂ ಇಲ್ಲ. ಕೂಲಿಗೆ ಹೋದವಳಿಗೆ ಮಳೆ ಬಂದು ಕೆಲಸ ನಿಂತರೂ ಅರ್ಧ ದಿನದ ಲೆಕ್ಕವಾದರೂ ಸಿಕ್ಕೀತು.

ಓದಿದವರ ಆಕ್ಷೇಪಣೆಗೆ ನಮಗೆ ಅಷ್ಟು ಮರ್ಯಾದೆಯಿಲ್ಲ. ಕ್ರಿಕೆಟ್ ಆಟಗಾರರನ್ನು ಹರಾಜಿಗೆ ನಿಲ್ಲಿಸಿ ಹತ್ತು ಕೋಟಿ, ಇಪ್ಪತ್ತು ಕೋಟಿ ಎಂದು ಕೂಗುವಾಗ ಇವರಿಗೆ ದೇಶದ ಘನತೆ ನೆನಪಾಗುವುದಿಲ್ಲ. ಚೌಕಾಸಿ ಎಂಬ ಪದ ಇವರ ಬಾಯಿಗೆ ಬರುವುದು ಹಳ್ಳಿಯ ಹುಡುಗ ಹುಡುಗಿ ಬಾಯಿ ತೆರೆದಾಗ ಮಾತ್ರ. ನಂಜನಗೂಡಿನ ಕಾರ್ಖಾನೆಗಳಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳಿದಾಗಲೂ ಇದೇ ರಾಗವನ್ನು ಕೇಳಿದ್ದೇವೆ.

ಮೂರನೆಯ ಆಕ್ಷೇಪಣೆಯೊಂದಿದೆ, ಅದರಲ್ಲಿ ಹುರುಳಿದೆ. ಇದೆಂಥ ವಿಶ್ವಕಪ್ಪು, ಆಡಲು ಬಾರದ ದೇಶಗಳನ್ನೆಲ್ಲ ಕೂಡಿಹಾಕಿ ಗೆದ್ದದ್ದು ಒಂದು ಗೆಲುವೇ ಎಂದು ಕೆಲವರು ಕೇಳುತ್ತಾರೆ. ಅಂಕಗಳನ್ನು ನೋಡಿದರೆ ಹಾಗೆನ್ನಿಸುವುದು ಸಹಜ. ನಮ್ಮ ಹೆಂಗಸರು ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾದವರನ್ನು ಸೋಲಿಸಿದ್ದು 175-18ರಿಂದ. ಇರಾನಿನ ಮೇಲೆ 100-16, ಮಲೇಷ್ಯಾದ ಮೇಲೆ 100-20, ಬಾಂಗ್ಲಾದೇಶದ ಮೇಲೆ 109-16. ಎದುರಾಳಿಗಳಲ್ಲಿ ಹಲವರು ಹೊಸಬರೇ ಸರಿ. ಹಾಗೆಂದು ಗೆದ್ದವರನ್ನು ಹೀನಾಯ ಮಾಡುವುದು ನ್ಯಾಯವಲ್ಲ. ಹ್ಯಾಂಡ್‌ಬಾಲ್ ಎಂಬ ಆಟವಿದೆ. ಕೈಯಿಂದ ಚೆಂಡೆಸೆದು ಗೋಲು ಹೊಡೆಯುವ ಆಟ. ಅದರ ಹೆಂಗಸರ ವಿಶ್ವ ಪಂದ್ಯಾವಳಿ ಮೊದಲು ನಡೆದದ್ದು 1957ರಲ್ಲಿ, ಯುಗೋಸ್ಲಾವಿಯಾದಲ್ಲಿ. ಬಂದ ತಂಡಗಳು ಒಂಬತ್ತೇ ಒಂಬತ್ತು, ಎಲ್ಲವೂ ಯೂರೋಪಿನವು. ಚೆಕೊಸ್ಲೊವಾಕಿಯಾ ಗೆದ್ದಿತು. ಒಲಿಂಪಿಕ್ಸಿನಲ್ಲಿ ಹೆಂಗಸರ ಹ್ಯಾಂಡ್‌ಬಾಲ್‌ಗೆ ಎಡೆ ದೊರೆತದ್ದು 1976ರಲ್ಲಿ. 2021ರ ಹೊತ್ತಿಗೆ ವಿಶ್ವ ಪಂದ್ಯಾವಳಿಗೆ 32 ದೇಶಗಳು ಬಂದವು. ಒಂಬತ್ತು ತಂಡವಿದ್ದ ಕಾಲದಲ್ಲಿ ಗೆದ್ದವರನ್ನು ಇವತ್ತು ಯಾರೂ ಹಗುರಾಗಿ ಕಾಣುವುದಿಲ್ಲ. ಕಾಲ್ಚೆಂಡಿನ ಮೊದಲ ವಿಶ್ವಕಪ್ಪಿನಲ್ಲೂ, 1930ರಲ್ಲಿ, ಇದ್ದದ್ದು 13 ತಂಡಗಳಷ್ಟೇ.

ಹ್ಯಾಂಡ್‌ಬಾಲಿನ ಮಾತು ಬಂದದ್ದರಿಂದ ನಾರ್ವೆಯ ಸಂಗತಿಯನ್ನು ಹೇಳದೆ ಬಿಡಲಾಗದು. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಂತೆ ನಮ್ಮ ಮೈಸೂರು ಜಿಲ್ಲೆ ಒಂದರಲ್ಲೇ 30 ಲಕ್ಷ ಜನ. ಎರಡು ಮೈಸೂರು ಜಿಲ್ಲೆಯಷ್ಟೂ ಇಲ್ಲದ ದೇಶದ ಹೆಂಗಸರು 1999, 2011, 2015, 2021ರಲ್ಲಿ ವಿಶ್ವ ಪಂದ್ಯಾವಳಿ ಗೆದ್ದರು. 2008, 2012, 2024ರಲ್ಲಿ ಒಲಿಂಪಿಕ್ ಚಿನ್ನ ತಂದರು. ಅಲ್ಲಿಯ ಹೆಣ್ಣುಮಕ್ಕಳ ಮೈಯಲ್ಲಿ ಬೇರೆ ರಕ್ತ ಹರಿಯುತ್ತದೆಯೆ? ಇಲ್ಲ. ಊರೂರಿಗೆ ಆಟದ ಸಂಘ, ಚಳಿಗಾಲದಲ್ಲೂ ಆಡಲು ಪೌರಸಭೆಯವರು ಕಟ್ಟಿಸಿದ ಒಳಾಂಗಣ, ಹೆಣ್ಣುಮಕ್ಕಳು ಆಡುವುದು ಊಟ ಮಾಡುವಷ್ಟು ಸಹಜವೆಂಬ ಭಾವನೆ. ಹತ್ತು ಸಾವಿರ ಹುಡುಗಿಯರು ಆಡಿದರೆ ಹದಿನಾರು ಜನರ ತಂಡ ತಾನಾಗಿ ಹುಟ್ಟುತ್ತದೆ. ನಮ್ಮಲ್ಲಿ ಹತ್ತೇ ಹುಡುಗಿಯರು ಆಡಿ ಅವರಲ್ಲಿ ಒಬ್ಬಳು ಚೈತ್ರಾ ಆಗಬೇಕು. ಆದಳು ಎಂಬುದು ಆಶ್ಚರ್ಯ. ಆ ಆಶ್ಚರ್ಯವನ್ನೇ ಕ್ರೀಡಾನೀತಿ ಎಂದು ಸರಕಾರ ಭಾವಿಸಿಕೊಂಡರೆ ಅದು ಮೈಗಳ್ಳತನ.

ಬಟ್ಟೆಯ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇವೆ. 2021ರ ಜುಲೈಯಲ್ಲಿ ಬಲ್ಗೇರಿಯಾದಲ್ಲಿ ನಡೆದ ಕಡಲತೀರದ ಹ್ಯಾಂಡ್‌ಬಾಲ್ ಪಂದ್ಯಾವಳಿಯಲ್ಲಿ ನಾರ್ವೆಯ ಹೆಂಗಸರು ನಿಯಮದಲ್ಲಿದ್ದ ತುಂಡು ಒಳಉಡುಪನ್ನು ಬಿಟ್ಟು ಚಡ್ಡಿ ತೊಟ್ಟು ಆಡಿದರೆಂದು ಯೂರೋಪಿನ ಸಂಸ್ಥೆ ಅವರ ತಂಡಕ್ಕೆ 1,500 ಯೂರೋ ದಂಡ ಹಾಕಿತು. ಪ್ರಪಂಚವೆಲ್ಲ ಉಗಿದ ಮೇಲೆ ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆ ನಿಯಮ ಬದಲಿಸಿತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಅದೇ ಚಡ್ಡಿ ತೊಟ್ಟರೆ ದಂಡವಿಲ್ಲ, ಮಾತು. ಅರಳಿಕಟ್ಟೆಯ ಮೇಲೆ ಕುಳಿತವರ ಮಾತು. ‘ದೊಡ್ಡವಳಾದಳು, ಇನ್ನೂ ಬಯಲಲ್ಲಿ ಕುಣೀತಾಳಲ್ಲ’ ಎಂಬ ಮಾತು. ಅಲ್ಲಿ ಚಡ್ಡಿ ಹೆಚ್ಚಾಯಿತು, ಇಲ್ಲಿ ಚಡ್ಡಿ ಕಡಿಮೆಯಾಯಿತು. ಬಟ್ಟೆ ಒಂದೇ, ತೀರ್ಪುಗಾರರೂ ಒಂದೇ ಜಾತಿಯವರು, ಆಡದೆ ಕುಳಿತ ಗಂಡಸರು.

ನಾವು ಮೇಷ್ಟ್ರಾಗಿದ್ದ ದಿನಗಳಲ್ಲಿ ಕಂಡದ್ದನ್ನು ಹೇಳುವುದಾದರೆ, ಐದನೆಯ ಆರನೆಯ ತರಗತಿಯವರೆಗೆ ಕೊಕ್ಕೋದಲ್ಲಿ ಹುಡುಗರಿಗಿಂತ ಹುಡುಗಿಯರೇ ಚುರುಕು. ಬಗ್ಗಿ ತಿರುಗುವುದರಲ್ಲಿ, ಖೋ ಕೊಟ್ಟ ಕ್ಷಣ ಎದ್ದು ಹಾರುವುದರಲ್ಲಿ ಅವರನ್ನು ಮೀರಿಸಲು ಹುಡುಗರು ಹೆಣಗುತ್ತಿದ್ದರು. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಸಾಲು ಬರಿದಾಗುತ್ತಿತ್ತು. ಸಂಜೆ ಗಂಟೆ ಹೊಡೆದರೆ ಹುಡುಗರು ಬಯಲಿಗೆ, ಹುಡುಗಿಯರು ಮನೆಗೆ. ನಲ್ಲಿಯ ನೀರು, ಹಸುವಿನ ಹುಲ್ಲು, ಒಲೆ, ತಮ್ಮ ತಂಗಿಯರು. ಗದ್ದೆ ಕೆಲಸದ ಕಾಲದಲ್ಲಂತೂ ಕೇಳುವುದೇ ಬೇಡ, ತಾಯಿ ನಾಟಿಗೆ ಹೋದ ಮನೆಯಲ್ಲಿ ಹನ್ನೆರಡು ವರ್ಷದ ಮಗಳೇ ಗೃಹಿಣಿ. ಯಾವ ತಂದೆಯೂ ಮಗಳಿಗೆ ಆಟ ಬಿಡು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಓಡುವುದರಲ್ಲಿ ಯಾರ ಕೈಗೂ ಸಿಗದ ಹುಡುಗಿಯೊಬ್ಬಳು ಕೆಲವು ವರ್ಷದ ಮೇಲೆ ಬೆಳಗಿನ ಜಾವ ಗಾರ್ಮೆಂಟ್ಸ್ ಬಸ್ಸಿಗೆ ಓಡುವುದನ್ನು ಕಂಡಿದ್ದೇವೆ. ಆಕೆಯ ಹೆಜ್ಜೆಯಲ್ಲಿ ಆ ಚುರುಕು ಇನ್ನೂ ಇದ್ದಿತು.

ಆದ್ದರಿಂದ ಕುರುಬೂರಿನಲ್ಲಿ ಆದದ್ದು ಹೇಗೆ ಎಂದು ವಿಚಾರಿಸಬೇಕು. ಅಲ್ಲಿ ಒಂದು ಶಾಲೆ, ಒಂದು ಬಯಲು, ಶಾಲೆ ಬಿಟ್ಟ ಮೇಲೂ ಮನೆಗೆ ಹೋಗದೆ ಮಕ್ಕಳೊಡನೆ ಬಯಲಿನಲ್ಲಿ ನಿಲ್ಲುವ ವ್ಯಾಯಾಮ ಶಿಕ್ಷಕರು, ಮಗಳನ್ನು ಆಡಲು ಬಿಟ್ಟ ತಂದೆತಾಯಿ. ಇಷ್ಟೇ ಬಂಡವಾಳ. ಖೋ ಖೋ ಆಟಕ್ಕೆ ಬೇಕಾದದ್ದಾದರೂ ಏನು? ಎರಡು ಕಂಬ, ಕಲ್ಲು ಮುಳ್ಳಿಲ್ಲದ ನೆಲ, ಒಂದು ಹಿಡಿ ಸುಣ್ಣ. ಬ್ಯಾಟು ಬೇಡ, ಬಲೆ ಬೇಡ, ಚೆಂಡೂ ಬೇಡ. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದವರು ಇದಕ್ಕೆ ನಿಯಮ ಬರೆದರಂತೆ; ಆದರೆ ಬಡವರ ಮಕ್ಕಳು ಅದಕ್ಕೂ ಹಿಂದಿನಿಂದ ಆಡಿದ್ದಾರೆ, ಏಕೆಂದರೆ ಇದಕ್ಕೆ ಕಾಸು ಬೇಡ. ಕಾಸು ಬೇಡದ ಆಟವಾದ್ದರಿಂದಲೇ ಇದರ ಆಟಗಾರರಿಗೂ ಕಾಸು ಬೇಡವೆಂದು ಸರಕಾರ ಬಗೆದಂತಿದೆ.

ಕಂಬ, ನೆಲ, ಸುಣ್ಣ ಇದ್ದರೂ ಮೇಷ್ಟ್ರು ಇಲ್ಲದಿದ್ದರೆ ಆಟವಿಲ್ಲ. ಹಿಂದೆ ಡ್ರಿಲ್ ಮೇಷ್ಟ್ರು ಎನ್ನುತ್ತಿದ್ದರು; ಈಗ ದೈಹಿಕ ಶಿಕ್ಷಣ ಶಿಕ್ಷಕರು. ಹೆಸರು ಉದ್ದವಾಯಿತು, ಸಂಖ್ಯೆ ಉದ್ದವಾಗಲಿಲ್ಲ. ನಮ್ಮ ಹೋಬಳಿಯ ಸಣ್ಣ ಶಾಲೆಗಳನ್ನು ಹೊಕ್ಕು ನೋಡಿದರೆ ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ ಇರುತ್ತದೆ, ಆಡಿಸುವವರು ಇರುವುದಿಲ್ಲ. ಆ ಹೊತ್ತಿನಲ್ಲಿ ಗಣಿತದ ಮೇಷ್ಟ್ರು ಬಾಕಿ ಪಾಠ ಮುಗಿಸುತ್ತಾರೆ. ದೈಹಿಕ ಶಿಕ್ಷಕರ ಕಷ್ಟಗಳ ಬಗ್ಗೆ ಪ್ರೊ. ಎಲ್.ಆರ್. ವೈದ್ಯನಾಥನ್ ಅವರ ವರದಿಯೊಂದಿದೆ. ಅದನ್ನು ಜಾರಿಗೆ ತನ್ನಿ ಎಂದು ಆ ಶಿಕ್ಷಕರು ಸರಕಾರದಿಂದ ಸರಕಾರಕ್ಕೆ ಮನವಿ ಹೊತ್ತು ತಿರುಗಿದ್ದಾರೆ. ಚೈತ್ರಾಗೆ ಹಾರ ಹಾಕಿದ ಮಂತ್ರಿಗಳು, ಶಾಸಕರು, ಪಂಚಾಯಿತಿ ಸದಸ್ಯರು ಆ ಹಾರ ಬಾಡುವುದರೊಳಗೆ ಆ ವರದಿಯ ಧೂಳು ಕೊಡವಿದ್ದರೆ ನಾವೂ ಒಂದು ಚಪ್ಪಾಳೆ ತಟ್ಟುತ್ತಿದ್ದೆವು.

ನೆಲದ ಮಾತು ಇನ್ನೊಂದು. ಗುಂಡುತೋಪು, ಗೋಮಾಳ, ಹಳೆಯ ಕಣದ ಜಾಗ, ಇವೆಲ್ಲ ಮಕ್ಕಳ ಬಯಲಾಗಿದ್ದ ಕಾಲವನ್ನು ಐವತ್ತು ದಾಟಿದವರು ಬಲ್ಲರು. ಈಗ ಒಂದು ಮೂಲೆಯಲ್ಲಿ ಸಮುದಾಯ ಭವನ, ಇನ್ನೊಂದು ಮೂಲೆಯಲ್ಲಿ ತಿಪ್ಪೆ, ಉಳಿದದ್ದಕ್ಕೆ ಯಾರದೋ ಬೇಲಿ. ಮನಸ್ಸು ಮಾಡಿದರೆ ನೆಲ ಸಮಮಾಡುವುದು ಸರಕಾರಕ್ಕೆ ಎಷ್ಟು ಸುಲಭವೆಂಬುದನ್ನು ನಮ್ಮವರು ಕಣ್ಣಾರೆ ಕಂಡರು. ಇನಾಮಿನ ಗಲಾಟೆಯಾದ ಮರು ತಿಂಗಳೇ, ಫೆಬ್ರವರಿ 10ರಿಂದ 12ರವರೆಗೆ, ತಿ. ನರಸೀಪುರದ ಸಂಗಮದಲ್ಲಿ ಕುಂಭಮೇಳ ನಡೆಯಿತು. ಕಾವೇರಿ ಕಪಿಲೆಯ ದಡದಲ್ಲಿ ದಾರಿ, ದೀಪ, ನೀರು, ಚಪ್ಪರ ಎಲ್ಲವೂ ಸಿದ್ಧವಾದವು. ಭಕ್ತರಿಗೆ ಅನುಕೂಲ ಮಾಡಿದ್ದು ತಪ್ಪೆಂದು ನಾವು ಹೇಳುವವರಲ್ಲ. ಮೂರು ದಿನದ ಸ್ನಾನಕ್ಕೆ ಒದಗಿದ ಕೈಗಳು ಮುನ್ನೂರು ದಿನದ ಆಟಕ್ಕೆ ಏಕೆ ಒದಗುವುದಿಲ್ಲ ಎಂದಷ್ಟೇ ಕೇಳುತ್ತೇವೆ. ಉದ್ಯೋಗ ಖಾತ್ರಿಯ ಹಣದಿಂದ ಸರಕಾರಿ ಶಾಲೆಗಳಿಗೆ ಆಟದ ಅಂಕಣ ಕಟ್ಟಿಸಿಕೊಂಡ ಪಂಚಾಯಿತಿಗಳು ಇದೇ ಕರ್ನಾಟಕದಲ್ಲಿವೆ. ಕೇಳಿದವರಿಗೆ ಆಯಿತು, ಕೇಳದವರಿಗೆ ಆಗಲಿಲ್ಲ.

ಕೆಲಸದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಕಾರ್ಕಳ ಸೀಮೆಯ ಮಮತಾ ಪೂಜಾರಿ ಅವರನ್ನು ನೆನೆಯಿರಿ. ಪಟ್ನಾದಲ್ಲಿ 2012ರಲ್ಲಿ ಹೆಂಗಸರ ಮೊದಲ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ. ಅವರಿಗೆ ಅನ್ನ ಕೊಟ್ಟದ್ದು ರೈಲ್ವೆಯ ನೌಕರಿ. ತಿಂಗಳು ತಿಂಗಳು ಬರುವ ಸಂಬಳವಿದ್ದ ಹೆಣ್ಣುಮಗಳಿಗೆ ಮದುವೆಯ ಆತುರವನ್ನು ಮುಂದೂಡುವ ಶಕ್ತಿ ಬರುತ್ತದೆ, ಆಟ ಬಿಡಿ ಎಂದವರಿಗೆ ಉತ್ತರ ಕೊಡುವ ಧೈರ್ಯ ಬರುತ್ತದೆ. ಒಂದು ಸಲದ ಹಣಕ್ಕೆ ಆ ಗುಣವಿಲ್ಲ. ಐದು ಲಕ್ಷವಾದರೂ ಅಷ್ಟೆ, ಎರಡು ಕೋಟಿಯಾದರೂ ಅಷ್ಟೆ ಎನ್ನಲು ನಮಗೆ ಧೈರ್ಯ ಸಾಲದು. ಎರಡು ಕೋಟಿಯ ಮಾತೇ ಬೇರೆ. ಆದರೂ ಹಣ ಮತ್ತು ಹುದ್ದೆ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾವು ಹುದ್ದೆಯ ಕಡೆಗೇ ಕೈ ಎತ್ತುತ್ತೇವೆ.

ಈ ಇನಾಮಿನ ಅಳತೆಗೋಲು ಎಲ್ಲಿದೆ ಎಂದು ಹುಡುಕುತ್ತ ಹೋದರೆ ಸಿಕ್ಕುವುದು ಇನ್ನೊಂದು ಉದಾಹರಣೆ. 2025ರ ನವೆಂಬರಿನಲ್ಲಿ ಕೊಲಂಬೋದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ಕ್ರಿಕೆಟ್ ವಿಶ್ವಕಪ್ಪನ್ನು ಭಾರತ ಗೆದ್ದಿತು. ನಾಯಕಿ ಕರ್ನಾಟಕದ ಟಿ.ಸಿ. ದೀಪಿಕಾ. ಆ ತಂಡದಲ್ಲಿದ್ದ ಕರ್ನಾಟಕದ ಮೂವರಿಗೆ ತಲಾ 10 ಲಕ್ಷ ರೂಪಾಯಿ ಮತ್ತು ಸರಕಾರಿ ಕೆಲಸ ಪ್ರಕಟವಾಯಿತು. ಸಂತೋಷದ ಸಂಗತಿ, ಅವರಿಗೆ ಅದು ಸಲ್ಲತಕ್ಕದ್ದೇ, ಇನ್ನೂ ಹೆಚ್ಚು ಸಲ್ಲಬೇಕಿತ್ತು. ಆದರೆ ಜನವರಿಯ ವಿಶ್ವಕಪ್ಪಿಗೆ ಐದು, ನವೆಂಬರಿನ ವಿಶ್ವಕಪ್ಪಿಗೆ ಹತ್ತು ಮತ್ತು ಕೆಲಸ. ಇದು ಯಾವ ಪುಸ್ತಕದ ಲೆಕ್ಕ? ಜನವರಿಯಲ್ಲಿ ಇಬ್ಬರು ಬೇಡವೆಂದದ್ದರಿಂದಲೇ ನವೆಂಬರಿನಲ್ಲಿ ಮೂವರಿಗೆ ಹೆಚ್ಚಾಯಿತೆಂದು ಕೆಲವರು ಹೇಳುತ್ತಾರೆ. ಹಾಗಿದ್ದರೆ ಬೇಡವೆಂದವರಿಗೆ ನಾಡು ಇನ್ನಷ್ಟು ಋಣಿ.

ಮುಖ್ಯಮಂತ್ರಿಗಳು ನಮ್ಮವರೇ ಎಂಬ ಮಾತನ್ನು ನಮ್ಮಲ್ಲಿ ಎಲ್ಲರೂ ಆಡುತ್ತಾರೆ. ಸಿದ್ದರಾಮಯ್ಯನವರನ್ನು ಆರಿಸಿ ಕಳಿಸಿದ ವರುಣಾ ಕ್ಷೇತ್ರವೇ ಮೈಸೂರು, ನಂಜನಗೂಡು, ನರಸೀಪುರ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಾಡಿದ್ದು. ನಮ್ಮವರಾದ್ದರಿಂದ ಸುಮ್ಮನಿರಬೇಕೆಂಬುದು ಕೆಲವರ ವಾದ. ನಮ್ಮವರಾದ್ದರಿಂದಲೇ ಕೇಳಬೇಕೆಂಬುದು ನಮ್ಮದು. ಹೊಲದ ಬದುವಿನ ಮೇಲೆ ನಡೆದು ಬೆಳೆದವರಿಗೆ ಬರಿಗಾಲಿನಲ್ಲಿ ಓಡಿದ ಹುಡುಗಿಯ ಕಷ್ಟವನ್ನು ಅಧಿಕಾರಿಗಳು ಕಡತದಲ್ಲಿ ಬರೆದು ತಿಳಿಸಬೇಕೆ? ಮೂಗಿಗೆ ತುಪ್ಪ ಸವರುವ ಕೆಲಸವನ್ನು ಇಂಥವರ ಕಾಲದಲ್ಲೂ ನಾವು ನೋಡಬೇಕಾಯಿತಲ್ಲ ಎಂಬುದು ನೋವಿನ ಮಾತು, ದ್ವೇಷದ ಮಾತಲ್ಲ.

ಇನ್ನು ಮಾಡತಕ್ಕದ್ದು. ವಿಧಾನಮಂಡಲದಲ್ಲಿ ಒಂದು ನಿಯಮವಾಗಬೇಕು: ಯಾವ ಆಟವೇ ಆಗಲಿ, ರಾಜ್ಯವನ್ನು ಪ್ರತಿನಿಧಿಸಿದವರಿಗೆ ಏನು, ದೇಶವನ್ನು ಪ್ರತಿನಿಧಿಸಿದವರಿಗೆ ಏನು, ಗೆದ್ದವರಿಗೆ ಏನು, ಗಾಯಗೊಂಡು ಕುಳಿತವರಿಗೆ ಏನು ಎಂಬುದು ಅಚ್ಚಾಗಿ ಕೈಗೆ ಸಿಗಬೇಕು, ಹೆಣ್ಣಿಗೂ ಗಂಡಿಗೂ ಒಂದೇ ಅಳತೆ ಇರಬೇಕು. ಜನವರಿಯ ಆ ಐದು ಲಕ್ಷದಲ್ಲಿ ಗೌತಮ್‌ಗೂ ಚೈತ್ರಾಗೂ ಭೇದವಿರಲಿಲ್ಲ ಎಂಬ ಒಂದು ಒಳ್ಳೆಯ ಅಂಶವನ್ನು ನಾವು ಮರೆಯುವುದಿಲ್ಲ. ಬೇಡವೆಂದಾಗಲೂ ಇಬ್ಬರೂ ಒಟ್ಟಿಗೇ ಕುಳಿತು ಬೇಡವೆಂದರು.

ಅದು ಬೆಂಗಳೂರಿನ ಕೆಲಸ, ತಡವಾಗುತ್ತದೆ. ಊರಿನ ಕೆಲಸ ಊರಿನಲ್ಲಿದೆ. ಬಿಳಿಗೆರೆ ಹೋಬಳಿಯ ವಾಚಕರು ತಮ್ಮ ಊರಿನ ಶಾಲೆಯ ಬಯಲಿನ ಸರ್ವೆ ನಂಬರನ್ನು ಗ್ರಾಮ ಲೆಕ್ಕಿಗರ ಬಳಿ ವಿಚಾರಿಸಿ ಬರೆದುಕೊಳ್ಳಲಿ. ಎಷ್ಟು ಗುಂಟೆ ಕಾಗದದಲ್ಲಿದೆ, ಎಷ್ಟು ಗುಂಟೆ ಕಣ್ಣಿಗೆ ಕಾಣುತ್ತದೆ ಎಂದು ಹಗ್ಗ ಹಿಡಿದು ಅಳೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಬೇಲಿ ತೆರವು, ಎರಡು ಕಂಬ, ಒಂದು ವ್ಯಾಯಾಮ ಶಿಕ್ಷಕರ ಹುದ್ದೆ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಇಷ್ಟನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ. ಬಾಯಿ ಮಾತಿನಲ್ಲಿ ಆಯಿತು ಎಂದರೆ ಒಪ್ಪಬೇಡಿ, ಪುಸ್ತಕದಲ್ಲಿ ಬರೆಸಿ ನಕಲು ತೆಗೆದುಕೊಳ್ಳಿ. ಅರ್ಜಿಗೆ ಗಂಡಸರ ಸಹಿ ಎಷ್ಟಾದರೂ ಇರಲಿ, ಏಳನೆಯ ಎಂಟನೆಯ ತರಗತಿಯ ಹುಡುಗಿಯರ ತಾಯಂದಿರ ಸಹಿ ಮೊದಲು ಬೀಳಲಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ಆಗುತ್ತದೆ.